ಮುಡಿದ ಪೆನ್ಸಿಲ್

"ಈ ತಲೆ ಹೊತ್ಕೊಂಡು ನಾಳೆ ಸ್ಟೇಜ್ ಮೇಲೆ ಕೂತ್ಕೋತೀಯಾ?" ಎಂದರು ಮಿಸ್ ಲೀಬ್ರಾಂಟ್.

ಕ್ಲಾಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಜಿಯಾ ಎರಡೂ ಕೈಗಳಿಂದ ಕೂದಲನ್ನು ಒತ್ತಿ ಹಿಡಿದಳು. ಬಿಟ್ಟ ಕೂಡಲೇ ಅದು ಬುಸ್ಸೆಂದು ಮೇಲೆದ್ದಿತು. ಬೆಳಿಗ್ಗೆ ಮನೆ ಬಿಡುವಾಗ ನೇರವಾಗಿಯೇ ಇತ್ತು. ಆದರೆ ಕೇಪ್‌ಟೌನಿನ ಕಡಲ ಮಂಜು ಸುಮ್ಮನೆ ಬಿಡುತ್ತದೆಯೇ? ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಎಲ್ಲ ಮತ್ತೆ ಸುರುಳಿ ಸುರುಳಿ.

"ಗಣಿತದ ಕ್ವಿಜ್‌ಗೆ ಐದು ಸ್ಕೂಲಿನವರು ಬರ್ತಾರೆ. ಕ್ಯಾಪ್ಟನ್ ನೀಟಾಗಿರಬೇಕು. ಕೂದಲು ನೇರ ಮಾಡ್ಕೊಂಡು ಬಾ. ಇಲ್ಲಾಂದ್ರೆ ಟೈರೀಸ್ ಕ್ಯಾಪ್ಟನ್."

ಕೆಜಿಯಾ ಪಕ್ಕದಲ್ಲಿದ್ದ ಟೈರೀಸನ ತಲೆ ನೋಡಿದಳು. ಅದು ಅವಳದಕ್ಕಿಂತ ದೊಡ್ಡ ಪೊದೆ.

"ಮಿಸ್, ಅವನ ಕೂದಲೂ..."

"ಅವನು ಹುಡುಗ. ಹುಡುಗೀರು ನೀಟಾಗಿರಬೇಕು. ಜನ ನೋಡ್ತಾರೆ."

ಇಡೀ ವರ್ಷ ಲೆಕ್ಕ ಮಾಡಿ ಮಾಡಿ ಪಡೆದ ಕ್ಯಾಪ್ಟನ್ ಕುರ್ಚಿ ಅದು.

ಮನೆಯಲ್ಲಿ ಊಮಾ, ಅಂದರೆ ಅವಳ ಅಜ್ಜಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಮೀನು ಹುರಿಯುತ್ತಿದ್ದಳು. ಮೊಮ್ಮಗಳು ಒಳಗೆ ಬಂದದ್ದೇ ತಡ, ಅವಳ ಕೂದಲಲ್ಲಿ ಸಿಕ್ಕಿಸಿದ್ದ ಪೆನ್ಸಿಲನ್ನು ಸರಕ್ಕನೆ ಕಿತ್ತಳು.

"ತಲೇಲಿ ಪೆನ್ಸಿಲ್ ಇಡಬೇಡ ಅಂತ ಎಷ್ಟು ಸಲ ಹೇಳ್ಲಿ?"

ಇದು ದಿನಾ ನಡೆಯುವ ಜಗಳ. ಲೆಕ್ಕ ಮಾಡುತ್ತಾ ಪೆನ್ಸಿಲ್ ಮುಡಿದುಕೊಳ್ಳುವುದು ಕೆಜಿಯಾಳ ಅಭ್ಯಾಸ. ಅದನ್ನು ಕೀಳುವುದು ಊಮಾಳ ಅಭ್ಯಾಸ.

ಕ್ಲಾಸಿನಲ್ಲಿ ನಡೆದದ್ದನ್ನು ಕೆಜಿಯಾ ಅಳುತ್ತಳುತ್ತಾ ಹೇಳಿದಳು. "ಅಷ್ಟೇ ತಾನೇ?" ಎಂದು ಊಮಾ ಡ್ರೈಯರ್, ರೋಲರ್‌ಗಳನ್ನು ತಂದಳು. ಜೊತೆಗೆ ಹಳೆಯ ಸ್ಟಾಕಿಂಗ್ ಕಾಲುಚೀಲ ಕತ್ತರಿಸಿ ಮಾಡಿದ ಟೋಪಿಯನ್ನೂ ತಂದಳು. ಕೂದಲನ್ನು ಬಿಸಿಗಾಳಿಯಲ್ಲಿ ನೇರ ಮಾಡಿ, ತಲೆಯ ಸುತ್ತ ಸುತ್ತಿ, ಆ ಟೋಪಿ ಬಿಗಿದು ಮಲಗಿದರೆ ಬೆಳಿಗ್ಗೆವರೆಗೂ ಅಲುಗಾಡುವುದಿಲ್ಲ. ಆ ಬೀದಿಯ ಹೆಂಗಸರೆಲ್ಲ ಮಾಡುವುದು ಹಾಗೆಯೇ.

"ಅಯ್ಯೋ, ಕಿವಿ ಸುಡ್ತಿದೆ ಊಮಾ!"

"ಸ್ವಲ್ಪ ತಡ್ಕೋ ಪುಟ್ಟಿ. ಹೆಣ್ಣುಮಕ್ಕಳು ನೀಟಾಗಿರಬೇಕು. ಜನ ನೋಡ್ತಾರೆ."

ಕೆಜಿಯಾ ಗಕ್ಕನೆ ತಿರುಗಿದಳು. "ಮಿಸ್ಸೂ ಇದನ್ನೇ ಹೇಳಿದ್ರು. ನೀನೂ ಇದನ್ನೇ ಹೇಳ್ತೀಯ. ನನ್ನ ಕೂದಲು ಏನು ತಪ್ಪು ಮಾಡಿದೆ ಊಮಾ?"

ಊಮಾ ಡ್ರೈಯರ್ ಆಫ್ ಮಾಡಿದಳು. ಬಾಣಲೆಯಲ್ಲಿ ಮೀನು ಸೀಯುತ್ತಿತ್ತು. ಅವಳು ಅತ್ತ ನೋಡಲೇ ಇಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ಕೈಗೆತ್ತಿಕೊಂಡಳು.

"ಆಗ ನನಗೆ ಆರು ವರ್ಷ, ಅಕ್ಕ ಐವಿಗೆ ಎಂಟು. ಸರ್ಕಾರದ ಆಫೀಸರ್ ಒಬ್ಬ ನಮ್ಮಿಬ್ಬರ ಕೂದಲಿಗೂ ಪೆನ್ಸಿಲ್ ಸಿಕ್ಕಿಸಿದ. ಐವಿ ತಲೆಯಿಂದ ಬಿತ್ತು. ನನ್ನ ತಲೇಲಿ ನಿಂತ್ಕೊಂಡ್ತು."

"ನಿಂತ್ರೆ ಏನಾಯ್ತು?"

"ಬಿದ್ರೆ ಬಿಳಿಯರು, ನಿಂತ್ರೆ ಅಲ್ಲ. ಆಗ ವರ್ಣಭೇದದ ಕಾಲ, ಯಾರು ಯಾವ ಜನಾಂಗ ಅಂತ ಹಂಗೇ ತೀರ್ಮಾನ ಮಾಡೋರು ಮಗಾ. ಐವೀನ ಬಿಳಿಯರ ಸ್ಕೂಲಿಗೆ ಸೇರಿಸಿದ್ರು. ನಾನು ಅದರ ಗೇಟ್ ಹತ್ರಾನೂ ಹೋಗೋ ಹಾಗಿರ್ಲಿಲ್ಲ. ದೊಡ್ಡವಳಾದ್ಮೇಲೆ ಅವಳು ದಾರೀಲಿ ಸಿಕ್ರೂ ಗುರುತಿಲ್ಲದವಳ ಥರ ಹೋಗ್ಬಿಡೋಳು."

ಕೆಜಿಯಾ ಊಮಾಳ ಕೈ ಹಿಡಿದುಕೊಂಡಳು.

"ಆವತ್ತಿಂದ ಕೂದಲು ನೇರ ಮಾಡ್ತಾನೇ ಇದೀನಿ. ಅವನು ಮತ್ತೆ ಬಂದ್ರೆ ಪೆನ್ಸಿಲ್ ಬೀಳ್ಲಿ ಅಂತ."

"ಅವನು ಬರಲ್ಲ ಊಮಾ. ಆ ಕಾಲ ಹೋಯ್ತು."

"ಹೋಯ್ತು ಅಂತಾನೇ ಅಂದ್ಕೊಂಡಿದ್ದೆ," ಎಂದಳು ಊಮಾ. ಕೈಯಲ್ಲಿದ್ದ ಸ್ಟಾಕಿಂಗ್ ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಎದ್ದು ಅದನ್ನು ಕಸದ ಬುಟ್ಟಿಗೆ ಹಾಕಿದಳು. "ನಾಳೆ ನಾನೂ ಸ್ಕೂಲಿಗೆ ಬರ್ತೀನಿ."

ಮರುದಿನ ಕೆಜಿಯಾ ತಲೆತುಂಬ ದುಂಡನೆಯ ಕೂದಲು ಬಿಟ್ಟುಕೊಂಡು ಹಾಲ್‌ನ ಬಾಗಿಲಿಗೆ ಬಂದಳು. ಪಕ್ಕದಲ್ಲಿ ಊಮಾ. ಅವಳ ಸ್ಕಾರ್ಫ್ ಮಾತ್ರ ಎಂದಿನಂತೆ ಬಿಗಿಯಾಗಿಯೇ ಇತ್ತು.

"ನಾನೇನು ಹೇಳಿದ್ದೆ ಕೆಜಿಯಾ?" ಮಿಸ್ ಹುಬ್ಬು ಗಂಟಿಕ್ಕಿದರು.

"ಮಿಸ್, ನನ್ನ ಕೂದಲು ಹುಟ್ಟಿದ್ದೇ ಹೀಗೆ. ಟೈರೀಸ್‌ದೂ ಹೀಗೇ ಇದೆ. ಅವನಿಗೆ ನಡೆಯುತ್ತೆ ಅಂದ್ರೆ ನನಗೂ ನಡೀಬೇಕು."

"ನನ್ನನ್ನ ಕ್ಯಾಪ್ಟನ್ ಮಾಡ್ಬೇಡಿ ಮಿಸ್," ಎಂದ ಟೈರೀಸ್. "ನನಗೆ ಭಾಗಾಕಾರಾನೇ ಬರಲ್ಲ. ಐದು ಸ್ಕೂಲಿನ ಮುಂದೆ ಮಾನ ಹೋಗುತ್ತೆ."

ಊಮಾ ಮಿಸ್ ಅವರನ್ನೇ ನೋಡುತ್ತಿದ್ದಳು. "ನಿಮ್ಮ ಕಿವೀಲೂ ಸುಟ್ಟ ಕಲೆ ಇದೆಯಲ್ಲಮ್ಮಾ," ಎಂದಳು ಮೆಲ್ಲಗೆ.

ಮಿಸ್ ಲೀಬ್ರಾಂಟ್ ಕಿವಿ ಮುಟ್ಟಿಕೊಂಡರು. ನೇರವಾಗಿ ಬಾಚಿ ಕಟ್ಟಿದ್ದ ಅವರ ಕೂದಲ ಅಂಚಿನಲ್ಲೂ ಪುಟ್ಟ ಪುಟ್ಟ ಸುರುಳಿಗಳು ಎದ್ದಿದ್ದವು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಹೋಗು, ಟೈಮಾಯ್ತು," ಎಂದರು. "ಮಧ್ಯದ ಕ್ಯಾಪ್ಟನ್ ಕುರ್ಚಿ ನಿನ್ನದೇ."

ಕ್ವಿಜ್ ಶುರುವಾಯಿತು. ಮೊದಲನೆಯದೇ ಭಾಗಾಕಾರ. ಕೆಜಿಯಾ ಚಕಚಕನೆ ಬರೆದು ಉತ್ತರ ಕಂಡುಹಿಡಿದಳು. ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿದ ಕೈ ಕೂದಲತ್ತ ಹೋಯಿತು. ಅಲ್ಲೇ ನಿಂತಿತು. ಅವಳು ಊಮಾಳನ್ನು ಹುಡುಕಿದಳು.

ಮೂರನೆಯ ಸಾಲಿನಲ್ಲಿ ಊಮಾ ಸ್ಕಾರ್ಫಿನ ಗಂಟು ಬಿಚ್ಚುತ್ತಿದ್ದಳು. ರಾತ್ರಿ ತೊಳೆದು ನೇರ ಮಾಡದೆ ಬಿಟ್ಟಿದ್ದ ಬೆಳ್ಳಗಿನ ಗುಂಗುರು ಕೂದಲು ಬುಸ್ಸೆಂದು ಮೇಲೆದ್ದಿತು. ಥೇಟ್ ಕೆಜಿಯಾಳದೇ! ಊಮಾ ಚೀಲದಿಂದ ನಿನ್ನೆ ಕಿತ್ತುಕೊಂಡ ಪೆನ್ಸಿಲನ್ನು ತೆಗೆದು, ಹೂವು ಮುಡಿಯುವಂತೆ ಮುಡಿದುಕೊಂಡಳು. ಕೈ ಬಿಟ್ಟಳು.

ಪೆನ್ಸಿಲ್ ನಿಂತಿತು.

ಊಮಾ ಇನ್ನು ಆ ಆಫೀಸರನಿಗೆ ಹೆದರುವುದಿಲ್ಲ ಎಂದು ಕೆಜಿಯಾಳಿಗೆ ಗೊತ್ತಾಯಿತು. ತನ್ನ ಪೆನ್ಸಿಲನ್ನೂ ಮುಡಿದುಕೊಂಡು ಬೆಲ್ ಒತ್ತಿದಳು.