ಜಿಬೆಕ್ ಒತ್ತಿದ ಹೃದಯ

“ನೀನು ನರ್ಸಲ್ವೇನೇ? ಸುಳ್ಳು ಅಂತ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಯಾಕೆ ಕೂತಿದ್ದೆ!”

ಆಸ್ಪತ್ರೆಯಲ್ಲಿ ಬುರುಲ್ಚಾ ತನ್ನ ಸೊಸೆ ಜಿಬೆಕ್‌ಳ ಭುಜ ಹಿಡಿದು ಅಲುಗಾಡಿಸಿದಳು. ಒಳಗೆ ಜಿಬೆಕ್‌ಳ ಎರಡು ವರ್ಷದ ಮಗಳು ಸೆಜಿಮ್... ದಡಾರ ಶ್ವಾಸಕೋಶಕ್ಕೆ ಇಳಿದು ಉಸಿರಿಗಾಗಿ ಒದ್ದಾಡುತ್ತಿದ್ದಳು.

ಕಿರ್ಗಿಜ್ ಸೊಸೆ ಗಂಡನ ಮನೆಯ ಹಿರಿಯರ ಹೆಸರನ್ನೇ ನಾಲಿಗೆಗೆ ತರುವುದಿಲ್ಲ. ಅವರ ಮಾತು ಸುಳ್ಳೆನ್ನುವುದು ಎಲ್ಲಿಯ ಮಾತು! ಚಳಿಗಾಲದಲ್ಲಿ ಊರಿನ ಅರ್ಧಕ್ಕರ್ಧ ಮಂದಿ ಇರುವ ಮನೆತನದ ವಾಟ್ಸಾಪ್ ಗುಂಪಿಗೆ ದೊಡ್ಡಮಾವ ಒಂದು ವಿಡಿಯೊ ಹಾಕಿದ್ದರು. ದಡಾರದ ಲಸಿಕೆಯಿಂದ ಹೆಣ್ಣುಮಕ್ಕಳು ಬಂಜೆಯರಾಗುತ್ತಾರೆಂದು ಬಿಳಿ ಕೋಟಿನವನೊಬ್ಬ ಆಣೆಯಿಟ್ಟು ಸುಳ್ಳು ಹೇಳುತ್ತಿದ್ದ. ಹಿರಿಯರು ಏನೇ ಕಳಿಸಲಿ, ಸೊಸೆಯಂದಿರು ಕೆಂಪು ಹೃದಯ ಒತ್ತಬೇಕು. ಎದುರು ಬಂದಾಗ ಬಾಗುವ ಹಾಗೆ ಅದೂ ಒಂದು ಮರ್ಯಾದೆ. ಜಿಬೆಕ್ ಒತ್ತಿದಳು. ಲಸಿಕೆ ಹಾಕುವವಳೇ ಒಪ್ಪಿದ್ದಾಳೆಂದು ಊರಿನ ತಾಯಂದಿರು ಮಕ್ಕಳನ್ನು ಕರೆತರುವುದನ್ನೇ ಬಿಟ್ಟರು. ಸೆಜಿಮ್‌ಗೂ ಬೇಡವೆಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಕದ್ದಾದರೂ ಹಾಕಬೇಕು, ನಾಳೆ ಹಾಕೋಣ ಎನ್ನುತ್ತಲೇ ಜಿಬೆಕ್ ದಿನ ದೂಡಿದಳು.

“ಅಪಾ,” ಎಂದು ಅತ್ತೆಯನ್ನು ಕರೆದಳು ಜಿಬೆಕ್, “ನೀವೇ ಬೇಡ ಅಂದ್ರಲ್ಲ...”

“ಆ ಕೋಟಿನವನನ್ನ ನಾನೆಲ್ಲಿ ನಂಬಿದ್ದೆ! ನೀನು ಒತ್ತಿದ್ದು ನೋಡಿ ನಂಬಿದೆ ಕಣೇ... ಓದಿದ ಹುಡುಗಿ, ಸುಳ್ಳಿಗೆ ತಲೆಯಾಡಿಸಲ್ಲ ಅಂತ!”

ಮಧ್ಯಾಹ್ನದ ಹೊತ್ತಿಗೆ ಮಗುವಿನ ಉಸಿರು ನಿಂತಿತು.

ಏಳನೆಯ ದಿನ ಬಂದವರಿಗೆಲ್ಲ ಚಹಾ, ಕರಿದ ರೊಟ್ಟಿ ಕೊಟ್ಟು ಕಳಿಸಿದ ಮೇಲೆ ಬುರುಲ್ಚಾ ಫೋನನ್ನು ಬಾಯಿಯ ಹತ್ತಿರ ಹಿಡಿದು ಅದೇ ಗುಂಪಿಗೆ ಮಾತು ಕಳಿಸಿದಳು. “ಅದು ಸುಳ್ಳು... ನನ್ನ ಕೂಸು ಹೋಯ್ತು. ನಿಮ್ಮ ಮಕ್ಕಳಿಗೆ ಹಾಕಿಸ್ರಪ್ಪಾ, ಬೇಡ್ಕೋತೀನಿ!” ಅದರ ಕೆಳಗೆ ಜಿಬೆಕ್ ಬರೆದಳು: “ಅಪಾ ಹೇಳಿದ್ದು ನಿಜ. ತಪ್ಪು ನನ್ನದು.”

ದೊಡ್ಡಮಾವನ ಉತ್ತರ ಬರಲು ತಡವಾಗಲಿಲ್ಲ. “ಪಾಪ, ದುಃಖದಲ್ಲಿ ಇಬ್ರಿಗೂ ತಲೆ ಕೆಟ್ಟಿದೆ. ಯಾರೂ ಮನಸ್ಸಿಗೆ ಹಚ್ಕೋಬೇಡಿ.”

ಸೋಮವಾರ ಲಸಿಕೆಯ ದಿನ. ಚಿಕಿತ್ಸಾಲಯದಲ್ಲಿ ಅತ್ತೆ ಸೊಸೆ ಬಾಗಿಲು ನೋಡುತ್ತ ಕುಳಿತರು. ಕೊನೆಗೆ ಬಂದವಳು ಒಬ್ಬಳೇ, ಪಕ್ಕದ ಬೀದಿಯ ಹೊಸ ಸೊಸೆ ಕೆನ್ಜೆ, ಕಂಕುಳಲ್ಲಿ ಮಗು. ಬಂದದ್ದು ಸಮಾಧಾನ ಹೇಳಲು ಮಾತ್ರ.

“ಹಾಕ್ಸು ಕಣಮ್ಮಾ...” ಎಂದಳು ಜಿಬೆಕ್.

“ಬೇಜಾರು ಮಾಡ್ಕೋಬೇಡಿ ಅಕ್ಕಾ. ಅವತ್ತು ಹೌದು ಅಂದ್ರಿ, ಇವತ್ತು ಅಲ್ಲ ಅಂತೀರಿ. ಯಾವುದನ್ನ ನಂಬ್ಲಿ?”

ಬುರುಲ್ಚಾ ಎದ್ದಳು. ಬಿಳಿ ತಲೆವಸ್ತ್ರದ ಆ ಮುದುಕಿ, ಇಪ್ಪತ್ತರ ಹುಡುಗಿಯ ಎದುರು ಸೊಂಟ ಬಗ್ಗಿಸಿ, ನೆಲ ಮುಟ್ಟುವಂತೆ ಬಾಗಿದಳು! ಹಿರಿಯರು ಸೊಸೆಗೆ ಬಾಗುವುದನ್ನು ಆ ಊರು ಕಂಡಿರಲಿಲ್ಲ.

ಕೆನ್ಜೆಯ ಮುಖ ಬಿಳುಚಿಕೊಂಡಿತು. ಗುಂಪಿನಲ್ಲಿ ದೊಡ್ಡವರು ಹೇಳಿದ್ದೇ ನಿಜ, ಇವರಿಗೆ ಹುಚ್ಚೇ ಹಿಡಿದಿದೆ ಎಂದುಕೊಂಡು ಮಗುವನ್ನು ಅವಚಿಕೊಂಡು ಹೊರಗೆ ಓಡಿದಳು.