ಗೊಂಬೆಗಿಟ್ಟ ಎಡೆ

"ಇರೀಕರ ಎಡೆ ಪಕ್ಕ ಆ ಗೊಂಬೆಗೂ ಎಲೆ ಹಾಕ್ಬ್ಯಾಡಿ ಅಳಿಯಂದ್ರೇ," ಎಂದರು ಶಾಂತಮಲ್ಲಮ್ಮ. "ಎಸ್ರು ಗೊತ್ತಿಲ್ದೋನ್ಗೆ ಎಡೆ ಇಕ್ಕಿ ಯಾರ್ನ ಕರ್ದೀರಿ?"

ಮಹಾಲಯ ಅಮಾವಾಸ್ಯೆಗೆಂದು ಮೈಸೂರಿನಿಂದ ಪಣಕಹಳ್ಳಿಯ ಅತ್ತೆಮನೆಗೆ ಬಂದಿದ್ದ ಸೋಮಶೇಖರ್ ನಕ್ಕ. ದೇಶದೇಶದ ಕೆತ್ತನೆ ಕೂಡಿಡುವುದು ಅವನ ಚಪಲ. ಈ ಗೊಂಬೆ ಪಪುವಾ ಕಡೆಯ ದ್ವೀಪದ್ದು, ಕೊಚ್ಚಿಯಲ್ಲಿ ಕೊಂಡು ಹಾಗೇ ಕಾರಿನಲ್ಲಿ ತಂದಿದ್ದ. ಮೊಳದುದ್ದದ ಮರದ ಮನುಷ್ಯ, ಕಣ್ಣಿಗೆ ಹಸಿರು ಕಡಲಚಿಪ್ಪು. ಅಲ್ಲಿಯವರು ಸತ್ತವರಿಗಾಗಿ ಇಂಥದ್ದನ್ನು ಕೆತ್ತಿ, ಕಾರ್ಯ ಮುಗಿದ ಮೇಲೆ ಕಾಡಿನಲ್ಲಿ ಕೊಳೆಯಲು ಬಿಡುತ್ತಾರಂತೆ. ಇದನ್ನು ಯಾರೋ ಬಿಡದೆ ಮಾರಿಕೊಂಡಿದ್ದರು. ಅದನ್ನು ರಸವತ್ತಾಗಿ ಹೇಳಿದವನೂ ಅವನೇ. ಓದಿದವರ ಹಣೆಬರಹವೇ ಇಷ್ಟು, ಹೇಳುತ್ತಾರೆ, ಕೇಳಿಸಿಕೊಳ್ಳುವುದಿಲ್ಲ.

"ಪಾಪ, ನೂರು ವರ್ಷದ ಉಪವಾಸ. ಹೆಸರು ತಾನೆ? ನಂದೇ ಕೊಡ್ತೀನಿ."

ಗೊಂಬೆಯ ಮುಂದೆ ಎಲೆ ಹಾಕಿ ಅನ್ನ, ಕುಂಬಳಕಾಯಿ ಪಲ್ಯ, ಕಜ್ಜಾಯ ಬಡಿಸಿದ. "ಸೋಮಶೇಖರಪ್ಪಾ, ಬಂದು ಉಣ್ಣು" ಎಂದ. ಹೆಂಡತಿ ಬಿಂದುಶ್ರೀಯ ಮುಖ ಬಾಡಿತು.

ಹಿರಿಯರು ಉಣ್ಣಲೆಂದು ಬಾಗಿಲೆಳೆದು ಎಲ್ಲರೂ ಜಗಲಿಗೆ ಬಂದರು. ಹೊರಗೆ ನಡುಹಗಲು. ಒಳಗೆ ಕತ್ತಲು, ಸಾಂಬ್ರಾಣಿ, ಕಾದ ಎಣ್ಣೆಯ ವಾಸನೆ. ಅದರ ನಡುವೆ ಎಲ್ಲಿಂದಲೋ ಉಪ್ಪುನೀರಿನ, ಕೊಳೆತ ಮರದ ವಾಸನೆ. ಎಲೆ ಸರಿದ ಸದ್ದು. ಜಗಿಯುವ ಸದ್ದು. ಒಂದೇ ಬಾಯಿ. ನಿಧಾನ. ಇಲಿ ಇರಬೇಕು ಎಂದುಕೊಂಡ ಸೋಮಶೇಖರ್. ಅವನ ನಾಲಗೆ ತಣ್ಣಗಾಯಿತು. ತುಟಿ. ಕೆನ್ನೆ. ಬೆರಳು.

ಬಾಗಿಲು ತೆರೆದಾಗ ಹಿರಿಯರ ಎಲೆಗಳು ಬಡಿಸಿದ ಹಾಗೇ ಇದ್ದವು. ಗೊಂಬೆಯ ಎಲೆ ಬರಿದಾಗಿತ್ತು.

ಊಟಕ್ಕೆ ಕೂತ. ಕಜ್ಜಾಯಕ್ಕೆ ಸಿಹಿಯಿಲ್ಲ, ಉಪ್ಪಿನಕಾಯಿಗೆ ಖಾರವಿಲ್ಲ. ಬಿಂದುಶ್ರೀ ಕೈ ಹಿಡಿದಳು. ಹಿಡಿದದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಮೈಸೂರಿಗೆ ಮರಳುವುದು ತಪ್ಪಿತು. ತಿಂದದ್ದೊಂದೂ ಮೈಗೆ ಹತ್ತದೆ ಹತ್ತೇ ದಿನಕ್ಕೆ ಎಲುಬು ಎಣಿಸುವಂತಾದ. ತಾಳವಾಡಿಯಲ್ಲೂ ಚಾಮರಾಜನಗರದಲ್ಲೂ ಡಾಕ್ಟರು ಏನೂ ಇಲ್ಲವೆಂದರು. ಅವನಿಗೆ ಹೆದರಿಕೆಯಾಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

"ಆ ಗೊಂಬೇನ ಕಾಡಿಗೆ ಬಿಟ್ಟುಬರ್ತೀನಿ, ಕೊಳೀಲಿ," ಎಂದ.

"ಈಗ ಅದ್ಕೆ ನಿಮ್ಮೆಸ್ರೈತೆ. ಅದು ಕೊಳ್ತರೆ ನೀವೂ ಕೊಳ್ತೋಯ್ತೀರಿ," ಎಂದ ಅತ್ತೆ ಮಗಳ ಕಡೆ ತಿರುಗಿದರು. "ಎಡೆ ಇಕ್ಕವ್ವಾ. ಮನೆಯೋಳು ಎಸ್ರಿಡ್ದು ಕರುದ್ರೆ ನಿನ್ ಗಂಡ ಉಂಡಾನು."

ಮದುವೆಯಾಗಿ ಆರು ವರ್ಷ, ಬಿಂದುಶ್ರೀ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ಅದಕ್ಕೂ ಅವನು ಗೇಲಿ ಮಾಡುತ್ತಿದ್ದ. ಈಗ ಗೊಂಬೆಯ ಮುಂದೆ ಎಲೆ ಹಾಕಿದಳು. ಸತ್ತವರನ್ನು ಕರೆಯುವ ದನಿಯಲ್ಲಿ, "ಸೋಮಶೇಖರಾ, ಬಂದು ಉಣ್ಣು" ಎಂದಳು. ಬಾಗಿಲೆಳೆದಳು.

ಜಗಲಿಯಲ್ಲಿ ಬರಿಗೈಯಲ್ಲಿ ಕೂತಿದ್ದವನ ಬಾಯಿಗೆ ಉಪ್ಪು ಬಂತು. ತುಪ್ಪ ಬಂತು. ಬೆಲ್ಲ ಬಂತು. ಹೊಟ್ಟೆ ತುಂಬಿತು.

ಬಿಂದುಶ್ರೀ ಅವನ ಭುಜಕ್ಕೆ ತಲೆಯಿಟ್ಟು ಅತ್ತಳು. ಅಂಗಿ ಒದ್ದೆಯಾಗುತ್ತಿದ್ದುದನ್ನು ಅವನು ನೋಡುತ್ತಿದ್ದ. ಆ ಬಿಸಿ ಅವನಿಗೆ ತಾಗಲಿಲ್ಲ.

"ನಾಳೆ ಪಲ್ಯಕ್ಕೆ ಉಪ್ಪು ಸ್ವಲ್ಪ ಕಮ್ಮಿ ಹಾಕು," ಎಂದ.