ಸಭೆಯ ಮೂರನೇ ವಿಷಯ

ಐವತ್ತು ಕುರ್ಚಿ ಹಾಕಿಸಿದ್ದಳು ಆಶಾರಾಣಿ. ಬಂದವರು ಆರೇ ಜನ. ಆ ಆರರಲ್ಲಿ ಒಬ್ಬರು ಸಂಘದ ಅಧ್ಯಕ್ಷರು, ಒಬ್ಬರು ಅವಳ ತಾಯಿ ಸರಸಮ್ಮ, ಇನ್ನಿಬ್ಬರು ದಾರಿಯಲ್ಲಿ ಹೋಗುತ್ತಾ ಶಾಮಿಯಾನದ ನೆರಳು ಸಿಕ್ಕಿತೆಂದು ಕೂತವರು.

ಮಧುಗಿರಿಯ ಹುಣಸೇತೋಪು ಬಡಾವಣೆಯ ನಿವಾಸಿಗಳ ಸಂಘಕ್ಕೆ ಅವಳು ಕಾರ್ಯದರ್ಶಿ. ಆಸೆಪಟ್ಟು ತೆಗೆದುಕೊಂಡ ಕೆಲಸವಲ್ಲ, ಬೇರೆ ಯಾರೂ ಮಾಡದೆ ಇದ್ದುದರಿಂದ ಕೈಗೆ ಬಂದದ್ದು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಕಣ್ಣಿನ ಶಿಬಿರ ಯಾವತ್ತು, ಲಸಿಕೆ ಹಾಕುವುದು ಎಲ್ಲಿ, ಸಿದ್ದರಬೆಟ್ಟಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿ ಹೇಳಿ, ಮೂವತ್ತೆರಡನೇ ವಯಸ್ಸಿಗೆ ಬಡಾವಣೆಯ ಕ್ಯಾಲೆಂಡರೇ ಆಗಿಬಿಟ್ಟಿದ್ದಳು. ತನ್ನ ಮದುವೆಯ ದಿನವೊಂದು ಬಿಟ್ಟು ಉಳಿದ ದಿನಗಳೆಲ್ಲ ಇವಳಿಗೆ ಬಾಯಿಪಾಠ ಎಂದು ಸರಸಮ್ಮ ಆಗಾಗ ಚುಚ್ಚುತ್ತಿದ್ದಳು. ಅದೇನೂ ಅವಳಿಗೆ ನೋಯುತ್ತಿರಲಿಲ್ಲ. ಬದುಕು ಒಗ್ಗಿತ್ತು.

ಒಗ್ಗದೆ ಇದ್ದದ್ದು ನೀರು.

ಮೂಲೆಯ ಖಾಲಿ ನಿವೇಶನದಲ್ಲಿ ಅಂಗನವಾಡಿ ಕಟ್ಟಿಸಬೇಕಾದರೆ ನಲವತ್ತು ಮನೆಯವರು ಸಭೆಯಲ್ಲಿ ಕೂತು ಸಹಿ ಹಾಕಬೇಕಿತ್ತು. ಹೋದ ತಿಂಗಳ ಸಭೆಯೂ ಹೀಗೇ ಖಾಲಿ ಹೋಗಿತ್ತು. ಎರಡು ಸಲವೂ ಸರಿಯಾಗಿ ನಾಲ್ಕು ಗಂಟೆಗೆ, ಅವಳು ಎದ್ದು ನಿಂತು ಎಲ್ಲರಿಗೂ ಸ್ವಾಗತ ಅನ್ನುವಷ್ಟರಲ್ಲಿ, ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಸುಯ್ ಎಂದವು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಅದು ಬಂತೆಂದರೆ ದೇವರೇ ಇಳಿದು ಬಂದು ಭಾಷಣ ಮಾಡಿದರೂ ಕೇಳುವವರಿಲ್ಲ.

ಒಮ್ಮೆಯಾದರೆ ಆಕಸ್ಮಿಕ ಅನ್ನಬಹುದು. ಎರಡನೇ ಸಲವೂ ಆದರೆ ಅದರ ಹಿಂದೆ ಒಂದು ಕೈ ಇರುತ್ತದೆ. ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ವೇಲನ್ನು ಸೊಂಟಕ್ಕೆ ಬಿಗಿದು ಮೂಲೆಯವರೆಗೆ ನಡೆದೇ ಹೋದಳು.

ಶಿವರಾಜು ವಾಲ್ವ್ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಗೆ ಮೆತ್ತಿದ ಕೆಸರನ್ನು ಹುಲ್ಲಿಗೆ ಒರೆಸುತ್ತಿದ್ದ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಕಡೆಯವನು, ಈ ಬಡಾವಣೆಗೆ ನೀರು ಬಿಡುವ ಕೆಲಸಕ್ಕೆ ಬಂದು ಆರು ತಿಂಗಳಾಗಿತ್ತು. ಯಾವ ದಿನ ನೀರು ಎಂಬುದು ಮೇಲಿನವರ ತೀರ್ಮಾನ, ಎಷ್ಟು ಹೊತ್ತಿಗೆ ಎಂಬುದು ಅವನ ಕೈಯಲ್ಲಿತ್ತು. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಮೂವತ್ತಾರರ ಆಸುಪಾಸು, ಎಣ್ಣೆಗಪ್ಪು ಬಣ್ಣ, ನಗು ಬರುವುದಕ್ಕೆ ಮುಂಚೆ ಎಡಗಣ್ಣು ಒಂಚೂರು ಕಿರಿದಾಗುತ್ತಿತ್ತು. ಇದನ್ನೆಲ್ಲ ಆಶಾರಾಣಿ ಯಾವಾಗ ಗಮನಿಸಿದಳೋ ಅವಳಿಗೇ ತಿಳಿಯದು.

“ಶಿವರಾಜು ಅವರೇ, ನನ್ನ ಮೀಟಿಂಗ್ ಕಂಡ್ರೆ ನಿಮಗೇನು ಹೊಟ್ಟೆಉರಿ?”

ಅವನು ತಲೆಯೆತ್ತಿದ. “ಜನ ಬರ್ಲಿಲ್ವಾ?”

“ಕುರ್ಚಿಗಳು ಬಂದಿದ್ವು.”

“ಲೇದು... ಅಲ್ಲ ಮೇಡಂ, ಎಲ್ರೂ ಮನೇಲೇ ಅವ್ರಲ್ಲ?” ಗಾಬರಿಯಾದಾಗ ಅವನ ಮಾತಿಗೆ ತೆಲುಗು ನುಗ್ಗುತ್ತಿತ್ತು.

“ಅವ್ರೆ. ಬಿಂದಿಗೆ ಹಿಡ್ಕೊಂಡು.”

ಅವನ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ. ಕೋಪದಲ್ಲಿದ್ದವಳಿಗೆ ಅದು ಅಣಕದಂತೆ ಕಂಡಿತು. ಏನೋ ಹೇಳಲು ಬಾಯಿ ತೆರೆದ, ಅವಳ ಹಣೆಯ ಮೇಲಿನ ಬೆವರ ಸಾಲನ್ನು ನೋಡಿದ, ಬಾಯಿ ಮುಚ್ಚಿದ. ಅವಳು ತಿರುಗಿ ಬಂದಳು.

ಸಂಘದ ಅಧ್ಯಕ್ಷರಾದ ಮಹಾಲಿಂಗಯ್ಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಸಮಯ ತಪ್ಪುವುದನ್ನು ಅವರು ಮನುಷ್ಯನ ದೊಡ್ಡ ಪಾಪವೆಂದೇ ನಂಬಿದ್ದರು. ಮೂರನೇ ಸಭೆ ಕರೆಯೋಣ, ಅದೂ ಬಿದ್ದರೆ ನಿವೇಶನ ಕೈತಪ್ಪಿತೆಂದೇ ಲೆಕ್ಕ, ಆದ್ದರಿಂದ ಈ ಮನುಷ್ಯನನ್ನು ಬದಲಾಯಿಸುವುದನ್ನೂ ಒಂದು ವಿಷಯ ಮಾಡಿ ನೋಟಿಸಿಗೆ ಹಾಕಮ್ಮ ಎಂದರು. ಸಭೆ ನಿರ್ಣಯ ಮಾಡಿ ಕಳಿಸಿದರೆ ಅವನನ್ನು ಬೇರೆ ಊರಿಗೆ ಹಾಕುತ್ತಾರಂತೆ.

ಆಶಾರಾಣಿ ಅವತ್ತೇ ಬರೆದಳು. ವಿಷಯ ಒಂದು, ಅಂಗನವಾಡಿಗೆ ನಿವೇಶನ. ಎರಡು, ಕಣ್ಣಿನ ಶಿಬಿರ. ಮೂರು, ನೀರು ಬಿಡುವವರ ಬದಲಾವಣೆ. ಸೂಚಕರು, ಕಾರ್ಯದರ್ಶಿ ಆಶಾರಾಣಿ.

ಮರುದಿನ ಬೆಳಿಗ್ಗೆ ಪ್ರತಿ ಕ್ರಾಸಿನಲ್ಲೂ ನೋಟಿಸ್ ಅಂಟಿಸುತ್ತಾ ಮೂರನೇ ಕ್ರಾಸಿಗೆ ಬಂದಳು. ಅಲ್ಲಿ ಕರೆಂಟು ಕಂಬಕ್ಕೆ ಕಟ್ಟಿದ ಬೋರ್ಡು ಎತ್ತರದಲ್ಲಿತ್ತು. ಸ್ಟೂಲು ಹತ್ತಿದಾಗ ಅದು ಒಂದು ಕಡೆಗೆ ವಾಲಿತು, ಮರುಕ್ಷಣ ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದರೆ ಶಿವರಾಜು ಎರಡೂ ಕೈಯಲ್ಲಿ ಸ್ಟೂಲಿನ ಕಾಲು ಹಿಡಿದಿದ್ದ. ಕಣ್ಣು ಮಾತ್ರ ನೋಟಿಸಿನ ಮೇಲಿತ್ತು.

ಒಂದನೇ ಸಾಲು ಓದಿದ. ಎರಡನೆಯದು ಓದಿದ. ಮೂರನೆಯದಕ್ಕೆ ಬಂದಾಗ ಅವನ ರೆಪ್ಪೆ ಒಮ್ಮೆ ಬಡಿಯಿತು. ಅವಳಿಗೆ ಕೆಳಗಿಳಿಯಲೂ ಆಗಲಿಲ್ಲ, ಮೇಲೆಯೇ ನಿಲ್ಲಲೂ ಆಗಲಿಲ್ಲ.

“ಅಕ್ಷರ ಸ್ಯಾನೆ ಚೆನ್ನಾಗವೆ,” ಎಂದ.

ಅವಳು ಇಳಿದ ಮೇಲೆ ತಾನು ಹತ್ತಿ, ಗಾಳಿಗೆ ಏಳುತ್ತಿದ್ದ ನೋಟಿಸಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಯಾಗಿ ಅಂಟಿಸಿದ. ಸೈಕಲ್ಲು ತಳ್ಳಿಕೊಂಡು ಹೋದ. ಬೈದಿದ್ದರೆ ಒಳ್ಳೆಯದಿತ್ತು. ಆ ದಿನವೆಲ್ಲ ಆಶಾರಾಣಿ ಹೊಲಿದ ತೋಳುಗಳನ್ನು ಎರಡು ಸಲ ಬಿಚ್ಚಬೇಕಾಯಿತು.

ಶನಿವಾರ ಮಧ್ಯಾಹ್ನ ಎದುರು ಮನೆಯ ನಾಗರತ್ನಮ್ಮ ಲಂಗದ ಕಾಜಾ ಹಾಕಿಸಲು ಬಂದಳು. ಬೀದಿಯಲ್ಲಿ ನಡೆಯುವುದೆಲ್ಲ ಜಗಲಿಯಲ್ಲಿ ಕೂತೇ ತಿಳಿದುಕೊಳ್ಳುವ ಹೆಂಗಸು. ಯಾಕಮ್ಮ ಆ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುತ್ತೀಯ ಎಂದು ಕೇಳಿದಳು. ಆಶಾರಾಣಿ ತನ್ನ ಎರಡು ಸಭೆಗಳ ಕಥೆ ಹೇಳಿದಳು.

“ಅಯ್ಯೋ ಪೆದ್ದಿ. ಸೆಕ್ರೆಟರಿ ಮೇಡಂ ಮೀಟಿಂಗ್ ಎಷ್ಟೊತ್ಗೆ ಅಂತ ನನ್ನನ್ನೇ ಬಂದ್ ಕೇಳ್ತಿದ್ನಲ್ಲೇ. ನಿಂಗ್ಯಾಕಪ್ಪಾ ಅಂದೆ. ಅವತ್ತು ನೀರ್ ಬುಟ್ರೆ ಜನ ಮನೇಲಿರ್ತಾರೆ ಕಣಮ್ಮ, ಇಲ್ದಿದ್ರೆ ಎಲ್ಲಾ ಬೀಗ ಹಾಕ್ಕೊಂಡು ಹೊಂಟೋಗ್ತಾರೆ, ಪಾಪ ಆವಮ್ಮ ಒಬ್ರೇ ಕೂತಿರ್ತಾರೆ ಅಂದ.”

ಆಶಾರಾಣಿಯ ಕೈಯಲ್ಲಿದ್ದ ಸೂಜಿ ನಿಂತಿತು.

ಎರಡು ತಿಂಗಳ ಹಿಂದೆ, ಸಿದ್ದರಬೆಟ್ಟದ ಬಸ್ಸಿಗೆ ಹೆಸರು ಬರೆಸಿಕೊಳ್ಳಲು ಮನೆಮನೆ ತಿರುಗಿದ್ದಳು. ಎಲ್ಲ ಬಾಗಿಲಿಗೂ ಬೀಗ. ಕಾಲುನೋವೆಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತವಳಿಗೆ ಅವನು ಒಂದು ಚೊಂಬು ತಣ್ಣೀರು ಕೊಟ್ಟಿದ್ದ. ನೀರು ಬರುವ ದಿನ ಬಿಟ್ಟರೆ ಈ ಬಡಾವಣೆಯಲ್ಲಿ ಒಬ್ಬರೂ ಮನೆಯಲ್ಲಿ ಸಿಗುವುದಿಲ್ಲ ಎಂದು ಅವಳೇ ಬೇಸರದಿಂದ ಹೇಳಿದ್ದಳು. ಅವಳು ಮರೆತಳು. ಅವನು ನಂಬಿ ಮನಸ್ಸಿನಲ್ಲಿಟ್ಟುಕೊಂಡ. ಟ್ಯಾಂಕಿನ ಕೆಳಗೇ ಬದುಕುವವನು. ನೀರು ಬಂದ ದಿನ ಜನ ಮನೆಯಲ್ಲಿರುತ್ತಾರೆ ನಿಜ, ಆದರೆ ನಲ್ಲಿಯ ಮುಂದಿನಿಂದ ಕದಲುವುದಿಲ್ಲ ಎಂಬುದು ಅವನಿಗೆ ತಿಳಿಯುವುದಾದರೂ ಹೇಗೆ? ಊರಿಗೆಲ್ಲ ನೀರು ಬಿಟ್ಟವನು ತಾನು ಒಂದು ದಿನವೂ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವನಲ್ಲ.

“ಇನ್ನೊಂದ್ ವಿಷ್ಯ,” ಎಂದಳು ನಾಗರತ್ನಮ್ಮ ಲಂಗ ಮಡಿಸುತ್ತಾ. “ಬೀದೀಗೆಲ್ಲ ಅವ್ನು ಶಿವರಾಜಣ್ಣ. ನೀನೊಬ್ಳು ಮಾತ್ರ ಅಣ್ಣ ಅನ್ನಲ್ಲ. ನಾನೇನ್ ಕಿವುಡೀನಾ?”

ಆಶಾರಾಣಿ ಸೂಜಿ ಚುಚ್ಚಿಟ್ಟು ಎದ್ದಳು. ಅಂಗಡಿ ಬಾಗಿಲು ಎಳೆದುಕೊಂಡು ಮಹಾಲಿಂಗಯ್ಯನವರ ಮನೆಗೆ ಓಡಿದಳು. ಮೂರನೇ ವಿಷಯ ಹೊಡೆದುಹಾಕಿ ಸಾರ್ ಎಂದು ಬೇಡಿಕೊಂಡಳು. ಅವರು ಕನ್ನಡಕ ಸರಿಮಾಡಿಕೊಂಡು, ಒಂಬತ್ತು ಕ್ರಾಸಿನಲ್ಲಿ ಅಂಟಿಸಿದ್ದನ್ನು ಮನೆಯಲ್ಲಿ ಕೂತು ಹೊಡೆಯುವುದಕ್ಕಾಗುವುದಿಲ್ಲ ಎಂದರು. ಸೂಚಿಸಿದವರೇ ಸಭೆಯಲ್ಲಿ ಎದ್ದು ನಿಂತು ವಾಪಸ್ ತೆಗೆದುಕೊಳ್ಳಬೇಕು, ಕಾರಣವನ್ನೂ ಹೇಳಬೇಕು, ಜನ ಒಪ್ಪಬೇಕು. ಒಪ್ಪದಿದ್ದರೆ ಆತ ಹೋದಂತೆಯೇ.

ಕಾರಣ. ಅವಳು ಮನೆಗೆ ಬಂದು ಒಂದು ಹಾಳೆಯ ಮೇಲೆ ‘ಆಡಳಿತಾತ್ಮಕ ಕಾರಣಗಳಿಂದ’ ಎಂದು ಬರೆದಿಟ್ಟುಕೊಂಡಳು.

ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷ ಮುಂಚೆಯೇ ಐವತ್ತೂ ಕುರ್ಚಿ ತುಂಬಿ, ಜನ ಕಾಂಪೌಂಡಿನ ಮೇಲೆ ಹತ್ತಿ ಕೂತರು. ಅಂಗನವಾಡಿ ಎಂದಾಗ ಬಾರದವರು ನೀರಿನವನನ್ನು ಬದಲಾಯಿಸುತ್ತಾರೆ ಎಂದ ಕೂಡಲೇ ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು. ಆಶಾರಾಣಿ ಐದು ವರ್ಷದಲ್ಲಿ ಇಷ್ಟು ದೊಡ್ಡ ಸಭೆ ಕಂಡಿರಲಿಲ್ಲ. ಕಂಡು ಸಂತೋಷವಾಗಲಿಲ್ಲ.

ಶಿವರಾಜು ಗೇಟಿನ ಹತ್ತಿರ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ, ತಲೆ ಬಾಚಿದ್ದ. ತನ್ನನ್ನು ಕಳಿಸಿಕೊಡುವ ಸಭೆಗೂ ಅಷ್ಟು ನೀಟಾಗಿ ಬಂದಿದ್ದ. ಅವನು ನೋಡಿದ, ಅವಳು ನೋಟಿಸಿನ ಕಡೆ ತಿರುಗಿದಳು. ಮತ್ತೆ ನೋಡಿದಾಗ ಅವನು ಇನ್ನೂ ನೋಡುತ್ತಲೇ ಇದ್ದ.

ಒಂದನೇ ವಿಷಯಕ್ಕೆ ನಲವತ್ತಲ್ಲ, ಅರವತ್ಮೂರು ಸಹಿ ಬಿದ್ದವು. ಕಣ್ಣಿನ ಶಿಬಿರಕ್ಕೆ ಎಲ್ಲರೂ ತಲೆ ಆಡಿಸಿದರು. ಮೂರನೇ ವಿಷಯ ಎಂದು ಮಹಾಲಿಂಗಯ್ಯ ಓದಿದ ತಕ್ಷಣ ಕುರ್ಚಿಗಳೆಲ್ಲ ಮುಂದಕ್ಕೆ ಸರಿದವು. ಒಬ್ಬರು ಮಾವನವರ ಊಟದ ಹೊತ್ತಿಗೆ ನೀರು ಬಂದದ್ದನ್ನು ಹೇಳಿದರು, ಇನ್ನೊಬ್ಬರು ಸಂತೆಯಿಂದ ಅರ್ಧಕ್ಕೇ ಓಡಿ ಬಂದದ್ದನ್ನು. ಕಳಿಸಿ ಕಳಿಸಿ ಎಂದು ಹಿಂದಿನಿಂದ ಕೂಗು ಬಂತು.

ಆಶಾರಾಣಿ ಎದ್ದು ಹಾಳೆ ಬಿಚ್ಚಿ ಓದಿದಳು. ಆಡಳಿತಾತ್ಮಕ ಎಂದರೆ ಏನಮ್ಮ, ನಮಗೆ ಅರ್ಥವಾಗುವ ಹಾಗೆ ಹೇಳು ಎಂದರು ಜನ. ಕೈಯೆತ್ತಿಸಿ ನಿರ್ಣಯ ಮಾಡಿಬಿಡಿ ಎಂದರು. ಕೈಗಳು ಏಳತೊಡಗಿದವು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಳು.

“ತಪ್ಪು ನಂದು. ನೀರು ಬರೋ ದಿನ ಬಿಟ್ರೆ ಇಲ್ಲಿ ಯಾರೂ ಮನೇಲಿ ಸಿಗಲ್ಲ ಅಂತ ನಾನೇ ಅವರ ಹತ್ರ ಹೇಳಿದ್ದೆ. ಜನ ಸಿಗ್ಲಿ, ನನ್ನ ಮೀಟಿಂಗ್ ನಡೀಲಿ ಅಂತ ಎರಡು ಸಲ ಆ ಹೊತ್ತಿಗೇ ನೀರು ಬಿಟ್ರು. ನನ್ನ ಮೇಲಿನ ಹೊಟ್ಟೆಉರಿಗಲ್ಲ. ನನಗೋಸ್ಕರ.”

ಎದ್ದ ಕೈಗಳು ಅಲ್ಲಲ್ಲೇ ನಿಂತವು. ಯಾರೋ ಕಿಸಕ್ಕೆಂದರು. ಸರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಹೇಳುವಂತಿರಲಿಲ್ಲ.

“ಅದು ಅವನ ಕಡೆ ಮಾತಾಯ್ತು,” ಎಂದಳು ಮುಂದಿನ ಸಾಲಿನಲ್ಲಿದ್ದ ನಾಗರತ್ನಮ್ಮ. “ನಿನ್ನ ಕಡೇದೇನು?”

ಬಡಾವಣೆಗೆ ಇಂಥವರು ಬೇಕು ಎಂದು ಹೇಳಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. ಆಶಾರಾಣಿ ಗೇಟಿನ ಕಡೆಗೇ ನೋಡಿದಳು.

“ಅವರು ಇಲ್ಲೇ ಇರ್ಬೇಕು. ನನಗೆ.”

ಮಹಾಲಿಂಗಯ್ಯನವರ ಪೆನ್ನು ಪುಸ್ತಕದ ಮೇಲೆ ನಿಂತುಬಿಟ್ಟಿತು. ಇದನ್ನು ನಡವಳಿಯಲ್ಲಿ ಹೇಗೆ ಬರೆಯುವುದು ಎಂದು ಮೆಲ್ಲಗೆ ಕೇಳಿದರು. ಅನುಮೋದನೆ ನನ್ನದು ಎಂದು ಬರೆದುಕೊಳ್ಳಿ ಎಂದಳು ನಾಗರತ್ನಮ್ಮ. ಎದ್ದಿದ್ದ ಕೈಗಳು ಒಂದೊಂದಾಗಿ ಇಳಿದವು. ಆದರೂ ಕ್ರಮ ಕ್ರಮವೇ. ಆಪಾದನೆಗೆ ಒಳಗಾದವರ ಮಾತನ್ನೂ ಕೇಳಬೇಕೆಂದು ಅಧ್ಯಕ್ಷರು ಶಿವರಾಜುವನ್ನು ಮುಂದೆ ಕರೆದರು.

ಅವನ ಎಡಗಣ್ಣು ಕಿರಿದಾಗಿತ್ತು.

“ನೀರಿನ ವಿಷ್ಯದಲ್ಲಿ ತಪ್ಪಾಯ್ತು, ಇನ್ಮೇಲೆ ನೀವ್ ಹೇಳಿದ್ ಹೊತ್ಗೇ ಬುಡ್ತೀನಿ. ಬ್ಯಾರೆ ಊರಿಗ್ ಹಾಕಿದ್ರೂ ನಾನೇನ್ ಯೋಚ್ನೆ ಮಾಡ್ತಿರ್ಲಿಲ್ಲ ಸಾರ್. ಕೆಲ್ಸ ಮುಗಿಸ್ಕೊಂಡು ಸಂಜೆ ಬಸ್ಸಿಗೆ ಇಲ್ಲಿಗೇ ಬತ್ತಿದ್ದೆ.”

“ಯಾವ ಬಸ್ಸು? ಐದೂ ಕಾಲಿಂದಾ?” ಎಂದರು ಮಹಾಲಿಂಗಯ್ಯ, ಮೂವತ್ತು ವರ್ಷದ ಅಭ್ಯಾಸ.

ಸಭೆಯೆಲ್ಲ ನಕ್ಕಿತು, ಆ ನಗುವಿನಲ್ಲಿ ಮೂರನೇ ವಿಷಯ ಬಿದ್ದುಹೋಯಿತು. ಇನ್ನು ಮುಂದೆ ಬೆಳಿಗ್ಗೆ ಆರಕ್ಕೆ ನೀರು ಎಂದು ಬರೆದು ಸಭೆ ಮುಗಿಸಿದರು.

ಜನ ಚದುರಿದರು. ಸರಸಮ್ಮನನ್ನು ನಾಗರತ್ನಮ್ಮ ಏನೋ ನೆಪ ಹೇಳಿ ಕೈ ಹಿಡಿದು ಕರೆದೊಯ್ದಳು. ಶಾಮಿಯಾನದ ಕೆಳಗೆ ಇವರಿಬ್ಬರು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಬೆಟ್ಟದ ಕಡೆಯಿಂದ ಗಾಳಿ ಬರುತ್ತಿತ್ತು. ಇಷ್ಟು ಹೊತ್ತು ಊರ ಮುಂದೆ ಮಾತಾಡಿದವಳು ಈಗ ಒಬ್ಬನ ಮುಂದೆ ಕುರ್ಚಿಗಳನ್ನು ಎಣಿಸುತ್ತಿದ್ದಳು.

ಕೊನೆಗೆ ಅವಳೇ ಕೇಳಿದಳು, ನೀರು ಬಿಡೋದಕ್ಕೆ ಮುಂಚೆ ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಎಂದು. ಕೇಳಿದ್ದರೆ ನೀವು ಬೇಡ ಅಂದುಬಿಟ್ಟರೆ ಎಂದು ಹೆದರಿದೆ ಎಂದ. ನೀರಿಗೇ ಇಷ್ಟು ಹೆದರಿದರೆ ಹೇಗೆ ಎಂದಳು.

“ಅಂಗಾದ್ರೆ ಈಗ ಕೇಳ್ತೀನಿ. ನಮ್ಮಕ್ಕ ಭಾವನ್ನ ಕರ್ಕೊಂಡು ನಿಮ್ಮನೇಗೆ ಬರ್ಬೇಕು. ಯಾವತ್ ಬರ್ಲಿ?”

ಅವಳ ಮನಸ್ಸು ತಾನಾಗಿಯೇ ವಾರವನ್ನು ಓದಿತು. ಸೋಮವಾರ ಕಣ್ಣಿನ ಶಿಬಿರ. ಮಂಗಳವಾರ ಇಂಥ ಮಾತಿಗೆ ಅಮ್ಮ ಒಪ್ಪಳು. ಬುಧವಾರ ಮಹಿಳಾ ಸಂಘದ ಸಭೆ. ಗುರುವಾರ ಲಸಿಕೆ. ಶುಕ್ರವಾರ ವಾರ್ಡಿನ ಸಭೆ. ಶನಿವಾರ ಸಿದ್ದರಬೆಟ್ಟ.

“ಮುಂದಿನ ಭಾನುವಾರ ಖಾಲಿ ಇದೆ.”

ಆಗಲಿ, ಇನ್ನೇಳು ದಿನ ತಾನೇ ಎಂದು ಅವನು ಆರು ಕುರ್ಚಿ ಒಟ್ಟಿಗೆ ಎತ್ತಿಕೊಂಡು ಹೊರಟ. ನಾಲ್ಕು ಹೆಜ್ಜೆ ಹೋದ. ಬಿಳಿ ಶರ್ಟಿನ ಬೆನ್ನು ನೋಡುತ್ತಾ ಆಶಾರಾಣಿ ಏಳನ್ನು ಇನ್ನೊಮ್ಮೆ ಎಣಿಸಿದಳು. ಐದು ವರ್ಷದಲ್ಲಿ ಅವಳು ಒಂದು ಸಭೆಯನ್ನೂ ಮುಂದೂಡಿದವಳಲ್ಲ.

“ಶಿವರಾಜು, ನಿಲ್ಲಿ,” ಎಂದಳು. “ಬುಧವಾರ ಬನ್ನಿ. ಮಹಿಳಾ ಸಂಘದ ಸಭೆ ಮುಂದಕ್ಕೆ ಹಾಕ್ತೀನಿ.”